ಗರಿಯ ನೊಣವೂ ಗಂಗಾವಳಿಯ ಮೀನೂ

ಭಾನುವಾರದ ಬಲಿಪೂಜೆ ಮುಗಿದು, ಅಗಸೂರಿನ ಕಡೆಯ ಒಂದೆರಡು ಕುಟುಂಬಗಳನ್ನು ಸಂದರ್ಶಿಸಿದ ಬಳಿಕ, ಸಂಜೆಯ ಹೊತ್ತಿಗೆ ಗಂಗಾವಳಿಯ ದಡಕ್ಕೆ ಇಳಿಯುವುದು ನಮ್ಮ ಬಹುಕಾಲದ ರೂಢಿ. ಪಾದ್ರಿಯ ಕೈಯಲ್ಲಿ ಗಾಳದ ಕೋಲು ಕಂಡು ಹುಬ್ಬೇರಿಸಿದವರೂ ಉಂಟು. ಧರ್ಮಸಭೆಯ 1917ರ ಕಾನೂನು ಸಂಹಿತೆಯು ಗುರುಗಳಿಗೆ ಗದ್ದಲದ ಬೇಟೆಯನ್ನು ನಿಷೇಧಿಸಿತ್ತು. ಅಲ್ಲಿ ಗಾಳದ ಹೆಸರಿಲ್ಲ. ಆ ಮೌನವನ್ನು ನಾವು ನಮ್ಮ ಅನುಕೂಲಕ್ಕೆ ಅರ್ಥೈಸಿಕೊಂಡಿದ್ದೇವೆ.

ಈ ಗೀಳು ಹತ್ತಿದ್ದು ಗುರುಮಠದಲ್ಲಿ, ಅದೂ ತತ್ತ್ವಶಾಸ್ತ್ರದ ತರಗತಿಯಲ್ಲಿ. ಪ್ಲೇಟೋ ತನ್ನ ‘ಸೋಫಿಸ್ಟ್’ ಸಂವಾದದಲ್ಲಿ ಒಂದು ವಸ್ತುವಿನ ಲಕ್ಷಣವನ್ನು ಹೇಳುವ ಕ್ರಮ ತೋರಿಸಲು ಗಾಳಗಾರನನ್ನೇ ಉದಾಹರಣೆಯಾಗಿ ಆರಿಸಿಕೊಂಡನು. ಕಲೆಗಳಲ್ಲಿ ಎರಡು ಬಗೆ: ಉಂಟುಮಾಡುವುದು, ವಶಪಡಿಸಿಕೊಳ್ಳುವುದು. ಗಾಳ ಎರಡನೆಯ ಬಗೆಯದು. ಹೀಗೆ ಸೀಳುತ್ತ ಸೀಳುತ್ತ, ಮೀನನ್ನು ಕೆಳಗಿನಿಂದ ಮೇಲಕ್ಕೆಳೆಯುವ ಕೊಕ್ಕೆಯವರೆಗೆ ಆತ ಬರುತ್ತಾನೆ. ಪಾಠ ಮುಗಿಸಿದ ವೃದ್ಧ ಗುರುಗಳು ಮೇಜಿನ ಖಾನೆಯಿಂದ ಒಂದು ತಗಡಿನ ಡಬ್ಬಿ ತೆಗೆದರು. ಒಳಗೆ ಸಾಲಾಗಿ ನೊಣಗಳು! ಗರಿ ಮತ್ತು ನೂಲಿನಿಂದ ಅವರೇ ಕಟ್ಟಿದವು. “ಇದನ್ನು ಕಟ್ಟುವವನು ಉಂಟುಮಾಡುವವನೋ, ವಶಪಡಿಸಿಕೊಳ್ಳುವವನೋ?” ಎಂದು ಕೇಳಿದರು. ಇಂದಿಗೂ ಆ ಪ್ರಶ್ನೆ ನಮ್ಮೊಡನೆ ಇದೆ.

ಆ ಗುರುಗಳು ನೀಲಗಿರಿಯ ತೊರೆಗಳಲ್ಲಿ ಟ್ರೌಟ್ ಮೀನು ಹಿಡಿದವರು. ಟ್ರೌಟ್ ನಮ್ಮ ದೇಶದ ಮೀನಲ್ಲ. ಅದನ್ನು ನೀಲಗಿರಿಗೆ ತರಲು 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಎಂಬಾತ ಯತ್ನಿಸಿ ಸೋತನು; 20ನೆಯ ಶತಮಾನದ ಆರಂಭದಲ್ಲಿ ಎಚ್. ಸಿ. ವಿಲ್ಸನ್ ಎಂಬಾತನ ಪ್ರಯತ್ನ ಫಲಿಸಿತು. ಒಂದು ರಜೆಯಲ್ಲಿ ಗುರುಗಳೊಡನೆ ನಾವೂ ಹೋಗಿ, ಮೂರು ದಿನ ನೀರಿನಲ್ಲಿ ನಿಂತು, ಗೇಣುದ್ದದ ಒಂದೇ ಮೀನು ಹಿಡಿದೆವು. ಅದು ಸಾಕಾಯಿತು. ನೀರಿನ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ರೌಟಿಗೆ ಸಂಕಟ. ಧಾರವಾಡದ ಬಳಿ ಹುಟ್ಟಿ, ಬೇಡ್ತಿಯೆಂಬ ಹೆಸರಿನಲ್ಲಿ ಮಾಗೋಡಿನಲ್ಲಿ ಧುಮುಕಿ, ಅಂಕೋಲೆಯ ಬಿಸಿಲಿಗೆ ಬಂದು ಸೇರುವ ನಮ್ಮ ಗಂಗಾವಳಿಯಲ್ಲಿ ಅದು ಬದುಕದು. ಆದರೆ ಗರಿಯ ನೊಣಕ್ಕೆ ಬಾಯಿ ತೆರೆಯುವ ಬೆಳ್ಳಿಬಣ್ಣದ ಸಣ್ಣ ಮೀನುಗಳು ಇಲ್ಲಿಯೂ ಇವೆ.

ಕಟ್ಟುವ ಕೆಲಸಕ್ಕೆ ಬೇಕಾದುದೆಲ್ಲ ನಮ್ಮ ಹಿತ್ತಲಲ್ಲೇ ಸಿಗುತ್ತದೆ: ಹುಂಜದ ಕತ್ತಿನ ಗರಿ, ತಾನಾಗಿ ಉದುರಿದ ನವಿಲುಗರಿಯ ಎಳೆ, ರೇಷ್ಮೆ ನೂಲು. ಕೊಕ್ಕೆಯನ್ನು ಇಕ್ಕಳದಲ್ಲಿ ಕಚ್ಚಿಸಿ, ನೂಲಿನ ಮೇಲೆ ನವಿಲಿನ ಎಳೆ ಸುತ್ತಿದರೆ ಹುಳುವಿನ ಒಡಲು. ಮುಂದುಗಡೆ ಹುಂಜದ ಗರಿಯನ್ನು ಅಡ್ಡವಾಗಿ ಸುತ್ತಿದರೆ ಎಳೆಗಳು ಸುತ್ತಲೂ ಅರಳಿ ನಿಲ್ಲುತ್ತವೆ. ನೀರಿನ ಮೇಲ್ಪದರದಲ್ಲಿ ನೊಣವನ್ನು ಮುಳುಗಗೊಡದೆ ಹಿಡಿಯುವುದು ಅವೇ. ಒಂದು ಸುತ್ತು ಹೆಚ್ಚಾದರೂ ತಲೆ ದಪ್ಪಗಾಗಿ ಕೊಕ್ಕೆಯ ಕಣ್ಣು ಮುಚ್ಚಿಹೋಗುತ್ತದೆ. ನಮ್ಮ ಮೊದಲಿನ ನೂರು ನೊಣಗಳು ಹಾಗೆಯೇ ಕೆಟ್ಟವು. ಇಂಗ್ಲಿಷಿನಲ್ಲಿ ಗಾಳದ ಕುರಿತು ಅಚ್ಚಾದ ಮೊದಲ ಗ್ರಂಥ 1496ರದು. ಹನ್ನೆರಡು ನೊಣಗಳನ್ನು ಕಟ್ಟುವ ವಿಧಾನ ಅದರಲ್ಲಿದೆ. ಜೂಲಿಯಾನಾ ಬರ್ನರ್ಸ್ ಎಂಬ ಮಠಾಧ್ಯಕ್ಷೆಯೇ ಅದನ್ನು ಬರೆದಳೆಂಬ ಪರಂಪರೆಯನ್ನು ವಿದ್ವಾಂಸರು ಒಪ್ಪುವುದಿಲ್ಲ. ಕನ್ಯಾಸ್ತ್ರೀಯರು ಬೇಸರಿಸಬಾರದು.

ನೊಣ ಕಟ್ಟಬೇಕಾದರೆ ಮೊದಲು ನಿಜವಾದ ನೊಣವನ್ನು ನೋಡಬೇಕು. ಮೇಫ್ಲೈ ಎಂಬುದರ ಮರಿಗಳು ಹಳ್ಳದ ಕಲ್ಲುಗಳಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬೆಳೆಯುತ್ತವೆ. ರೆಕ್ಕೆ ಬಂದ ಮೇಲೆ ಅವಕ್ಕೆ ತಿನ್ನುವ ಬಾಯಿಯೇ ಇರುವುದಿಲ್ಲ, ಒಂದೆರಡು ದಿನದಲ್ಲಿ ಆಯುಷ್ಯ ಮುಗಿಯುತ್ತದೆ. ಒಂದೇ ದಿನ ಬದುಕುವ ಇಂಥ ನದಿಯ ಹುಳುವನ್ನು ಅರಿಸ್ಟಾಟಲನೂ ಗುರುತಿಸಿದ್ದನು. ನೀರು ಕೆಟ್ಟರೆ ಬೇಗ ಕಾಣೆಯಾಗುವ ಜೀವಿಗಳಲ್ಲಿ ಇದೊಂದು.

ಕಾಣೆಯಾದದ್ದನ್ನು ನಾವು ಕಂಡಿದ್ದೇವೆ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ನದಿಗೆ ಸೇರುವ ಹಳ್ಳವೊಂದರ ಗುಂಡಿಯಲ್ಲಿ ಬಿಳಿ ಹೊಟ್ಟೆ ಮೇಲಾಗಿ ಮೀನುಗಳು ತೇಲುತ್ತಿದ್ದವು. ಯಾರೋ ರಾತ್ರಿ ವಿಷ ಹಾಕಿ, ದೊಡ್ಡವನ್ನು ಆರಿಸಿ ಒಯ್ದು, ಬೆರಳುದ್ದದವನ್ನು ಬಿಟ್ಟಿದ್ದರು. ಕಲ್ಲು ಎತ್ತಿ ನೋಡಿದೆವು; ಕೆಳಗೆ ಒಂದು ಮರಿಹುಳುವೂ ಇಲ್ಲ. ಮಳೆಗಾಲದ ನೆರೆಯೊಡನೆ ಮೀನು ಮರಳಿತು. ಸಂಜೆಯ ನೊಣಗಳು ಮಾತ್ರ ಮರುವರ್ಷವೂ ಏಳಲಿಲ್ಲ.

ಈ ಪಿಡುಗು ಹಳೆಯದು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಗಾಳಗಾರನು 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನು ಮಂಗಳೂರಿನಲ್ಲೇ ಅಚ್ಚು ಹಾಕಿಸಿದನು. ನದಿಗಳಲ್ಲಿ ಮೀನಿನ ಸಂತತಿ ಹಾಳಾಗುವುದನ್ನು ಕುರಿತು ಸರಕಾರವನ್ನು ಎಚ್ಚರಿಸಿದವರಲ್ಲಿ ಅವನೂ ಒಬ್ಬ. ನಮ್ಮ ಜಿಲ್ಲೆ 1862ರಲ್ಲೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಅವನ ಅಧಿಕಾರ ಇತ್ತ ಬರಲಿಲ್ಲ. ವಿಷ ಮತ್ತು ಸ್ಫೋಟಕಗಳಿಂದ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿದ ಭಾರತೀಯ ಮೀನುಗಾರಿಕೆ ಕಾಯಿದೆ ಬಂದದ್ದು 1897ರಲ್ಲಿ. ವಿಷದ ಮಾತು ಬಂದಾಗ ‘ಬಡವರ ಹೊಟ್ಟೆಪಾಡು’ ಎಂದು ಸಮರ್ಥಿಸುವವರಿದ್ದಾರೆ. ನಾವು ಒಪ್ಪುವುದಿಲ್ಲ; ಆ ಹಳ್ಳದ ಮೀನನ್ನೇ ನಂಬಿದ ಬಡವರು ಆ ವರ್ಷ ಬರಿಗೈಯಲ್ಲಿ ಮರಳಿದರು.

ಹಾಗೆಂದು ನಮ್ಮ ಕೈ ಶುದ್ಧವೆಂದು ಹೇಳುವ ಧೈರ್ಯವೂ ಇಲ್ಲ. ಹಿಡಿದ ಮೀನನ್ನು ನಾವು ನೀರಿಗೇ ಬಿಡುವುದನ್ನು ನೋಡುತ್ತಿದ್ದ ಅಂಬಿಗರ ಹಿರಿಯರೊಬ್ಬರು ಒಮ್ಮೆ ಕೇಳಿದರು: “ಅಲ್ಲ ಪಾದ್ರಿಗಳೇ, ತಿನ್ನೂದಿಲ್ಲ ಅಂದ್ಮೇಲೆ ಅದ್ರ ಬಾಯಿಗೆ ಕೊಕ್ಕೆ ಯಾಕೆ?” ಅಕ್ವಿನಾಸರನ್ನು ನಾಲ್ಕು ವರ್ಷ ಓದಿದ ನಮಗೆ ಉತ್ತರ ತೋಚಲಿಲ್ಲ. ಅಂದಿನಿಂದ ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತೇವೆ. ಮೀನನ್ನು ನೀರಿನಿಂದ ಮೇಲೆತ್ತುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ, ನೀರು ತಗ್ಗಿ ಬಿಸಿಯಾದಾಗ, ಕೋಲು ಮನೆಯಲ್ಲೇ ಇರುತ್ತದೆ. ಎಷ್ಟೋ ಸಂಜೆ ಬರಿದೆ ಕುಳಿತು ನೊಣಗಳನ್ನು ನೋಡಿ ಬರುತ್ತೇವೆ. ಇದು ಅವರ ಪ್ರಶ್ನೆಗೆ ಅರ್ಧ ಉತ್ತರವಷ್ಟೇ ಎಂಬುದನ್ನು ಬಲ್ಲೆವು.

ಕಳೆದ ಬಾರಿ ಭೇಟಿಯಾದಾಗ ಆ ಹಿರಿಯರು ಡಬ್ಬಿಯೊಳಗೆ ಇಣುಕಿ, ನವಿಲಿನ ಒಡಲಿನ ನೊಣವೊಂದನ್ನು ಬೆರಳ ತುದಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ಒಂದು ಕೊಡಿ. ಆದ್ರೆ ಸಿಕ್ಕಿದ್ದನ್ನು ಬಿಡುವವ ನಾನಲ್ಲ, ಸಾರು ಮಾಡುವವ” ಎಂದರು. ನಾವು ಎರಡು ಕೊಟ್ಟೆವು.