ಪಥ್ಯವಲ್ಲ, ಊಟ: ಲಿವರ್ ಕಾಯಿಲೆಯ ಬೆಕ್ಕಿನ ಆರೈಕೆ

ಕಾಮಾಲೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಪಥ್ಯ ಶುರುವಾಗುತ್ತದೆ. ಎಣ್ಣೆ ಬೇಡ, ಒಗ್ಗರಣೆ ಬೇಡ, ಗಂಜಿ ಮಜ್ಜಿಗೆ ಸಾಕು, ಬೆಳಗ್ಗೆ ಖಾಲಿ ಹೊಟ್ಟೆಗೆ ನೆಲನೆಲ್ಲಿಯ ರಸ. ಮನುಷ್ಯರ ಮಟ್ಟಿಗೆ ಈ ರೂಢಿ ಎಷ್ಟು ಸರಿ ಎಂಬುದು ಬೇರೆ ಮಾತು. ಆದರೆ ಸಾಕಿದ ಬೆಕ್ಕಿನ ಕಣ್ಣು ಹಳದಿಯಾದಾಗಲೂ ಅನೇಕರು ಇದೇ ದಾರಿ ಹಿಡಿಯುತ್ತಾರೆ. ಮಾಂಸ ನಿಲ್ಲಿಸಿ ಮೊಸರನ್ನ ಕಲಸುತ್ತಾರೆ, ತಿನ್ನದಿದ್ದರೆ ‘ಹೊಟ್ಟೆಗೆ ಸ್ವಲ್ಪ ವಿಶ್ರಾಂತಿ ಸಿಗಲಿ’ ಎಂದು ಸುಮ್ಮನಾಗುತ್ತಾರೆ. ಬೆಕ್ಕಿನ ಲಿವರ್‌ಗೆ ಇದಕ್ಕಿಂತ ಕೆಟ್ಟ ಉಪಚಾರ ಇನ್ನೊಂದಿಲ್ಲ. ಲಿವರ್ ಕೆಟ್ಟ ಬೆಕ್ಕು ಉಣ್ಣಲೇಬೇಕು, ಅದೂ ಮಾಂಸದ ಊಟವನ್ನೇ. ಔಷಧಿಯ ಮಾತು ಆಮೇಲೆ.

ಇದಕ್ಕೆ ಕಾರಣ ಬೆಕ್ಕಿನ ದೇಹದ ರೀತಿಯಲ್ಲೇ ಇದೆ. ನಾಯಿಗೋ ಮನುಷ್ಯನಿಗೋ ಊಟದಲ್ಲಿ ಪ್ರೋಟೀನ್ ಕಡಿಮೆಯಾದರೆ ಲಿವರ್ ಅದನ್ನು ಒಡೆಯುವ ಕೆಲಸವನ್ನೂ ತಗ್ಗಿಸಿ ಉಳಿತಾಯ ಮಾಡುತ್ತದೆ. ಬೇಟೆಯ ಮಾಂಸವನ್ನೇ ನಂಬಿಕೊಂಡು ಬಂದ ಬೆಕ್ಕಿನ ಲಿವರ್‌ಗೆ ಆ ಉಳಿತಾಯ ಅಷ್ಟಾಗಿ ಸಾಧ್ಯವಿಲ್ಲ. ಹೊರಗಿನಿಂದ ಬಾರದಿದ್ದರೆ ಅದು ಮೈಯ ಸ್ನಾಯುಗಳನ್ನೇ ಕರಗಿಸತೊಡಗುತ್ತದೆ. ಪ್ರೋಟೀನ್ ಒಡೆದಾಗ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಅದನ್ನು ಯೂರಿಯಾ ಆಗಿ ಮಾರ್ಪಡಿಸಿ ಹೊರಹಾಕಲು ಆರ್ಜಿನಿನ್ ಎಂಬ ಅಮೈನೋ ಆಮ್ಲ ಬೇಕು. ಬೆಕ್ಕು ಅದನ್ನು ತನಗೆ ಸಾಲುವಷ್ಟು ತಯಾರಿಸಿಕೊಳ್ಳಲಾರದು. ಆರ್ಜಿನಿನ್ ಇಲ್ಲದ ಒಂದೇ ಒಂದು ಊಟ ಉಂಡ ಬೆಕ್ಕುಗಳ ರಕ್ತದಲ್ಲಿ ಕೆಲವೇ ಗಂಟೆಗಳಲ್ಲಿ ಅಮೋನಿಯಾ ಏರಿ, ವಾಂತಿ ಮತ್ತು ಸ್ನಾಯುಸೆಳೆತ ಕಾಣಿಸಿಕೊಂಡದ್ದನ್ನು ಅಮೆರಿಕದ ಮಾರಿಸ್ ಮತ್ತು ರಾಜರ್ಸ್ ಎಂಬ ಪೋಷಣಾ ವಿಜ್ಞಾನಿಗಳು 1978ರಲ್ಲಿ ದಾಖಲಿಸಿದರು. ಪಿತ್ತರಸ ತಯಾರಾಗಲು ಬೇಕಾದ ಟಾರಿನ್ ಕೂಡ ಬೆಕ್ಕಿಗೆ ಮಾಂಸದಿಂದಲೇ ಬರಬೇಕು. ಮೊಸರನ್ನದಲ್ಲಿ ಇದು ಸಿಗುವುದಿಲ್ಲ.

ಎರಡನೆಯ ಅಪಾಯ ಕೊಬ್ಬಿನದು. ಬೆಕ್ಕು ಊಟ ಬಿಟ್ಟಾಗ, ಅದರಲ್ಲೂ ದಪ್ಪಗಿರುವ ಬೆಕ್ಕು ಬಿಟ್ಟಾಗ, ಮೈಯಲ್ಲಿದ್ದ ಕೊಬ್ಬು ಕರಗಿ ಲಿವರ್‌ಗೆ ಹರಿಯುತ್ತದೆ. ಅಷ್ಟನ್ನು ಬಳಸಲೂ ಆಗದೆ, ಹೊರಗೆ ಸಾಗಿಸಲೂ ಆಗದೆ ಲಿವರ್‌ನ ಜೀವಕೋಶಗಳು ಕೊಬ್ಬು ತುಂಬಿ ಉಬ್ಬುತ್ತವೆ. ಇದಕ್ಕೆ ಹೆಪಾಟಿಕ್ ಲಿಪಿಡೋಸಿಸ್ ಎನ್ನುತ್ತಾರೆ. ಕೆಲವು ದಿನಗಳ ಉಪವಾಸವೇ ಇದಕ್ಕೆ ಸಾಕು. ಬೆಕ್ಕು ಊಟ ಬಿಟ್ಟ ಕಾರಣ ಹಲ್ಲುನೋವಿರಬಹುದು, ಮನೆ ಬದಲಾಯಿಸಿದ ಗಾಬರಿ ಇರಬಹುದು, ಮೊದಲೇ ಇದ್ದ ಲಿವರ್ ಕಾಯಿಲೆಯ ಹೊಟ್ಟೆತೊಳಸೂ ಇರಬಹುದು. ಹಳೆಯ ಕಾಯಿಲೆಯ ಮೇಲೆ ಈ ಹೊಸ ಕಾಯಿಲೆ ಏರಿ ಕೂತರೆ ಜೀವಕ್ಕೇ ಕುತ್ತು.

ವರ್ಷಗಟ್ಟಲೆ ಉಳಿಯುವ ಲಿವರ್ ಕಾಯಿಲೆಗಳಲ್ಲಿ ಬೆಕ್ಕಿಗೆ ಹೆಚ್ಚಾಗಿ ಬರುವುದು ಪಿತ್ತನಾಳಗಳ ಉರಿಯೂತ, ಅಂದರೆ ಕೊಲಾಂಜೈಟಿಸ್. ಬ್ಯಾಕ್ಟೀರಿಯಾ ಕರುಳಿನಿಂದ ಮೇಲೇರಿ ಬಂದಾಗ ಆಗುವುದು ಒಂದು ಬಗೆ. ದೇಹದ ರೋಗನಿರೋಧಕ ಕಣಗಳೇ ನಾಳಗಳ ಸುತ್ತ ಜಮಾಯಿಸಿ ನಿಧಾನವಾಗಿ ಕೆಡಿಸುವುದು ಇನ್ನೊಂದು. ಬೆಕ್ಕಿನಲ್ಲಿ ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಕರುಳು ಸೇರುವ ಮೊದಲೇ ಒಂದಾಗುತ್ತವೆ. ಹಾಗಾಗಿ ಲಿವರ್, ಮೇದೋಜೀರಕ, ಕರುಳು ಮೂರೂ ಒಟ್ಟಿಗೆ ನರಳುವುದು ಸಾಮಾನ್ಯ. ನಮ್ಮಂಥ ಬಿಸಿಲ ನಾಡುಗಳಲ್ಲಿ ಕೇಳಲೇಬೇಕಾದ ಮತ್ತೊಂದು ಪ್ರಶ್ನೆ: ಬೆಕ್ಕು ಹಲ್ಲಿ ಹಿಡಿದು ತಿನ್ನುತ್ತದೆಯೇ? ಪ್ಲಾಟಿನೋಸೋಮಮ್ ಎಂಬ ಚಪ್ಪಟೆ ಹುಳು ಹಲ್ಲಿಯ ಮೂಲಕ ಬೆಕ್ಕಿನ ಹೊಟ್ಟೆ ಸೇರಿ ಪಿತ್ತನಾಳದಲ್ಲಿ ಮನೆಮಾಡುತ್ತದೆ. ಮಾಮೂಲಿ ಜಂತುಹುಳುವಿನ ಔಷಧಿಯ ಪ್ರಮಾಣ ಇದಕ್ಕೆ ಸಾಲದು. ಹಲ್ಲಿಯ ವಿಷಯವನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಕಾಮಾಲೆ ನೋಡುವುದು ಹಗಲ ಬೆಳಕಿನಲ್ಲಿ. ಹಳದಿ ಬಲ್ಬಿನ ಕೆಳಗೆ ನೋಡಿದರೆ ಮೋಸ ಹೋಗುತ್ತೀರಿ. ಕಿಟಕಿಯ ಬಳಿ ಬೆಕ್ಕನ್ನು ಕೂರಿಸಿಕೊಂಡು ಕಿವಿಯ ಒಳಬದಿಯ ತೆಳು ಚರ್ಮ ನೋಡಿ, ಮೇಲ್ತುಟಿ ಎತ್ತಿ ಒಸಡು ನೋಡಿ, ಬಾಯಿ ತೆರೆಸಲು ಬಿಟ್ಟರೆ ಅಂಗುಳಿನ ಹಿಂಭಾಗ ನೋಡಿ. ಕಪ್ಪು ಬೆಕ್ಕಿನ ಒಸಡು ಕಪ್ಪಾಗಿದ್ದರೆ ಕಣ್ಣಿನ ಬಿಳಿಭಾಗವೇ ಗತಿ. ಮೇಲಿನ ರೆಪ್ಪೆಯನ್ನು ಮೆಲ್ಲಗೆ ಎತ್ತಿದರೆ ಕಾಣುತ್ತದೆ. ಆದರೆ ಹಳದಿ ಬರುವತನಕ ಕಾಯುವುದು ತಡ ಮಾಡಿದಂತೆಯೇ. ಅದಕ್ಕೂ ಮೊದಲು ತೂಕ ಇಳಿಯುತ್ತದೆ, ಆಗಾಗ ವಾಂತಿಯಾಗುತ್ತದೆ, ತಟ್ಟೆಯ ಹತ್ತಿರ ಬಂದು ಮೂಸಿ, ತುಟಿ ನೆಕ್ಕಿಕೊಂಡು ಹಿಂತಿರುಗುತ್ತದೆ. ಆ ತುಟಿ ನೆಕ್ಕುವುದು ಹಸಿವಿನಿಂದಲ್ಲ, ಹೊಟ್ಟೆ ತೊಳಸುವುದರಿಂದ.

ರಕ್ತಪರೀಕ್ಷೆಯ ವರದಿ ಓದುವಾಗ ನಾಯಿಯ ಲೆಕ್ಕ ಬೆಕ್ಕಿಗೆ ಹೊಂದುವುದಿಲ್ಲ. ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ನಾಯಿಯ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಮೂರು ದಿನ ಬೇಕು, ಬೆಕ್ಕಿನಲ್ಲಿ ಸುಮಾರು 6 ಗಂಟೆ ಸಾಕು. ಹಾಗಾಗಿ ಬೆಕ್ಕಿನ ವರದಿಯಲ್ಲಿ ಅದು ಸ್ವಲ್ಪವೇ ಏರಿದ್ದರೂ ಗಂಭೀರ. ಯಾವ ಬಗೆಯ ಕಾಯಿಲೆ ಎಂದು ಖಚಿತವಾಗಲು ಸ್ಕ್ಯಾನಿಂಗ್, ಪಿತ್ತರಸದ ಪರೀಕ್ಷೆ, ಕೆಲವೊಮ್ಮೆ ಬಯಾಪ್ಸಿ ಬೇಕಾಗುತ್ತದೆ. ಲಿವರ್ ಸೋತಾಗ ರಕ್ತ ಹೆಪ್ಪುಗಟ್ಟುವುದೂ ನಿಧಾನವಾಗುವುದರಿಂದ ಸೂಜಿ ಹಾಕುವ ಮೊದಲು ವಿಟಮಿನ್ ಕೆ ಕೊಡುವುದು ವಾಡಿಕೆ.

ಇನ್ನು ಊಟಕ್ಕೆ ಬರೋಣ. 4 ಕಿಲೋ ತೂಗುವ ಬೆಕ್ಕು ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ ಬೇಡುತ್ತದೆ. ವಾಸನೆ ಏಳುವಂತೆ ಊಟವನ್ನು ಮೈಶಾಖದಷ್ಟು ಬೆಚ್ಚಗೆ ಮಾಡಿ, ಅಗಲವಾದ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಇಡಿ. ಮನೆಯಲ್ಲಿ ಮಾಂಸ ಬೇಯಿಸದವರು ಬೆಕ್ಕಿಗೆಂದೇ ಬರುವ ಪೌಚ್ ಅಥವಾ ಡಬ್ಬಿ ಆಹಾರ ತರಬಹುದು. ಅದರಲ್ಲಿ ಟಾರಿನ್ ಮೊದಲೇ ಸೇರಿರುತ್ತದೆ. ಬೇಯಿಸಿದ ಕೋಳಿ ಆಸೆ ಹುಟ್ಟಿಸಲು ಒಳ್ಳೆಯದು, ಆದರೆ ಅದೊಂದೇ ಪೂರ್ಣ ಆಹಾರವಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹೊಟ್ಟೆ ತೊಳಸುತ್ತಿರುವ ಬೆಕ್ಕಿನ ಮೂತಿಗೆ ಊಟ ಒತ್ತಬಾರದು, ಇಷ್ಟದ ತಿನಿಸಿನಲ್ಲಿ ಕಹಿ ಮಾತ್ರೆಯನ್ನೂ ಅಡಗಿಸಬಾರದು. ಒಮ್ಮೆ ಹೇಸಿದ ಊಟವನ್ನು ಬೆಕ್ಕು ಗುಣವಾದ ಮೇಲೂ ಮುಟ್ಟದಿರಬಹುದು. ಮೊದಲು ವಾಂತಿ ನಿಲ್ಲಿಸುವ ಔಷಧಿ, ಆಮೇಲೆ ಊಟ.

ಇಷ್ಟಾದರೂ ತಿನ್ನದಿದ್ದರೆ ವೈದ್ಯರು ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ಒಂದು ಟ್ಯೂಬ್ ಹಾಕುವ ಮಾತೆತ್ತುತ್ತಾರೆ. ಕೇಳಿದ ತಕ್ಷಣ ಮನೆಯವರ ಮುಖ ಬಾಡುತ್ತದೆ, ‘ಅದಕ್ಕೆ ಅಷ್ಟು ಹಿಂಸೆ ಯಾಕೆ’ ಎನ್ನುತ್ತಾರೆ. ನಿಜವಾದ ಹಿಂಸೆ ದಿನಕ್ಕೆ ನಾಲ್ಕು ಸಲ ಹಿಡಿದು ಸಿರಿಂಜಿನಿಂದ ಬಾಯಿಗೆ ತುರುಕುವುದರಲ್ಲಿದೆ. ಅದು ಶ್ವಾಸಕೋಶಕ್ಕೆ ಇಳಿಯುವ ಭಯವೂ ಇದೆ. ಟ್ಯೂಬ್ ಹಾಕಿದ ಬೆಕ್ಕು ಅದರೊಂದಿಗೇ ನಿದ್ದೆ ಮಾಡುತ್ತದೆ, ಮೈ ನೆಕ್ಕಿಕೊಳ್ಳುತ್ತದೆ, ಮನಸ್ಸಾದಾಗ ಬಾಯಿಂದಲೂ ತಿನ್ನುತ್ತದೆ. ಲಿಪಿಡೋಸಿಸ್‌ನಲ್ಲಿ ಬೆಕ್ಕುಗಳನ್ನು ಉಳಿಸುವ ಮುಖ್ಯ ಚಿಕಿತ್ಸೆ ಇದೇ ಟ್ಯೂಬಿನ ಊಟ. ಬೇಡವೆನ್ನುವ ಮೊದಲು ದಯವಿಟ್ಟು ಎರಡು ಸಲ ಯೋಚಿಸಿ.

ಟ್ಯೂಬಿನಲ್ಲಿ ಉಣಿಸುವುದು ಹೀಗೆ. ಆಹಾರವನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ಸೋಸಿ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಳ್ಳಿ. ಮೊದಲು 5 ಮಿಲಿಲೀಟರ್ ನೀರು ಬಿಟ್ಟು ಟ್ಯೂಬ್ ಸರಾಗವಾಗಿದೆಯೇ ನೋಡಿ. ಆಮೇಲೆ ಊಟ, ನಿಧಾನವಾಗಿ, ಹತ್ತು ಹದಿನೈದು ನಿಮಿಷ ಹಿಡಿಸಿಕೊಂಡು. ನಡುವೆ ಬೆಕ್ಕು ಜೊಲ್ಲು ಸುರಿಸಿದರೆ, ಮೇಲೆ ಮೇಲೆ ನುಂಗಿದರೆ ನಿಲ್ಲಿಸಿ ಕಾಯಿರಿ. ಕೊನೆಗೆ ಮತ್ತೆ ನೀರು; ಇದನ್ನು ಮರೆತರೆ ಒಳಗೆ ಊಟ ಒಣಗಿ ಟ್ಯೂಬ್ ಕಟ್ಟಿಕೊಳ್ಳುತ್ತದೆ. ಬಹಳ ದಿನ ಉಪವಾಸವಿದ್ದ ಬೆಕ್ಕಿಗೆ ಮೊದಲ ದಿನವೇ ಪೂರ್ತಿ ಊಟ ಕೊಡುವಂತಿಲ್ಲ. ಕೊಟ್ಟರೆ ರಕ್ತದ ಪೊಟ್ಯಾಸಿಯಂ, ರಂಜಕ ಒಮ್ಮೆಲೇ ಕುಸಿಯುತ್ತವೆ. ಕಾಲುಭಾಗ ಅಥವಾ ಮೂರನೇ ಒಂದು ಭಾಗದಿಂದ ಶುರುಮಾಡಿ ಮೂರು ನಾಲ್ಕು ದಿನಗಳಲ್ಲಿ ಪೂರ್ಣಕ್ಕೆ ಏರಿಸಬೇಕು. ಟ್ಯೂಬ್ ಸಾಮಾನ್ಯವಾಗಿ ಹಲವು ವಾರ ಇರುತ್ತದೆ. ತೆಗೆದ ಮೇಲೆ ರಂಧ್ರ ತಾನಾಗಿ ಮುಚ್ಚಿಕೊಳ್ಳುತ್ತದೆ.

ಪ್ರೋಟೀನ್ ಕಡಿಮೆ ಮಾಡಬೇಕಾದ ಸಂದರ್ಭ ಒಂದುಂಟು. ಅಮೋನಿಯಾ ಮಿದುಳಿಗೆ ಏರಿ ಬೆಕ್ಕು ಜೊಲ್ಲು ಸುರಿಸುತ್ತಾ ತೂರಾಡಿದರೆ, ಗೋಡೆಗೆ ತಲೆ ಒತ್ತಿ ನಿಂತರೆ ಅದು ತುರ್ತು ಪರಿಸ್ಥಿತಿ. ಆಗ ಲ್ಯಾಕ್ಟುಲೋಸ್ ಸಿರಪ್ ಜೊತೆಗೆ ಊಟದ ಪ್ರೋಟೀನನ್ನು ವೈದ್ಯರು ಅಳೆದು ಹೇಳುತ್ತಾರೆ. ಉಳಿದ ಬೆಕ್ಕುಗಳಿಗೆ ಆ ನಿರ್ಬಂಧ ಬೇಡ.

ಔಷಧಿಗಳಲ್ಲಿ ಪಿತ್ತ ಹರಿಯಲು ಅರ್ಸೊಡಿಯಾಕ್ಸಿಕೋಲಿಕ್ ಆಮ್ಲ, ಲಿವರ್‌ಗೆ ಬಲ ಕೊಡಲು ಎಸ್‌ಎಎಂಇ, ಸಿಲಿಮರಿನ್, ಜೊತೆಗೆ ಬಿ12 ಇಂಜೆಕ್ಷನ್ ಇರುತ್ತವೆ. ಎಸ್‌ಎಎಂಇ ಖಾಲಿ ಹೊಟ್ಟೆಗೆ ಕೊಟ್ಟರೇ ಚೆನ್ನಾಗಿ ಹಿಡಿಯುತ್ತದೆ. ಯಾವುದೇ ಮಾತ್ರೆ ನುಂಗಿಸಿದ ಮೇಲೂ ಸಿರಿಂಜಿನಿಂದ ಐದಾರು ಮಿಲಿಲೀಟರ್ ನೀರು ಕುಡಿಸಿ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗಿ ನಾಳವೇ ಕಿರಿದಾಗುತ್ತದೆ.

ಮನೆಯೊಳಗಿನ ವಿಷಗಳ ಬಗ್ಗೆಯೂ ಎಚ್ಚರ ಬೇಕು. ಕೆಲವು ರಾಸಾಯನಿಕಗಳನ್ನು ಸಕ್ಕರೆಯ ಒಂದು ಅಂಶದೊಂದಿಗೆ ಬೆಸೆದು ಹೊರಹಾಕುವ ಕಿಣ್ವ ಬೆಕ್ಕಿನ ಲಿವರ್‌ನಲ್ಲಿ ಬಹಳ ಕಡಿಮೆ. ಆದ್ದರಿಂದಲೇ ನಾವು ಜ್ವರಕ್ಕೆ ನುಂಗುವ 500 ಮಿಲಿಗ್ರಾಂನ ಒಂದೇ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಫಿನಾಲ್ ಇರುವ ಫಿನಾಯಿಲ್‌ನಿಂದ ನೆಲ ಒರೆಸಿದರೆ ಅದು ಪಾದಕ್ಕೆ ಹತ್ತುತ್ತದೆ, ಬೆಕ್ಕು ಪಾದ ನೆಕ್ಕುತ್ತದೆ. ಕಾಯಿಲೆಯ ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್, ನುಸಿಗುಳಿಗೆ, ಟೀ ಟ್ರೀ ಎಣ್ಣೆ ಬೇಡವೇ ಬೇಡ. ಅಂಗಳದ ಕುಂಡದಲ್ಲಿ ಸೈಕಸ್ ಗಿಡವಿದ್ದರೆ ಬೇರೆಯವರಿಗೆ ಕೊಟ್ಟುಬಿಡಿ, ಅವರ ಮನೆಯಲ್ಲಿ ಬೆಕ್ಕು ನಾಯಿ ಇಲ್ಲವೆಂದು ಖಾತ್ರಿಮಾಡಿಕೊಂಡು. ಅದರ ಬೀಜ ಎಲೆಗಳೆಲ್ಲ ಲಿವರ್‌ಗೆ ವಿಷ.

ರೋಗನಿರೋಧಕ ಕಣಗಳ ದಾಳಿಯಿಂದ ಬಂದ ಕೊಲಾಂಜೈಟಿಸ್ ಪೂರ್ತಿ ಗುಣವಾಗುವುದು ಅಪರೂಪ. ಹಿಡಿತದಲ್ಲಿಟ್ಟರೆ ಬೆಕ್ಕು ಹಲವು ವರ್ಷ ಬಾಳಬಲ್ಲದು. ಅದಕ್ಕೆ ಕೊಡುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಆಗಿರಬೇಕು. ಪ್ರೆಡ್ನಿಸೋನ್ ಎಂಬ ಹತ್ತಿರದ ಔಷಧಿಯನ್ನು ಬೆಕ್ಕಿನ ದೇಹ ಸರಿಯಾಗಿ ಬಳಸಿಕೊಳ್ಳದು. ಔಷಧಿ ಅಂಗಡಿಯಲ್ಲಿ ಹೆಸರನ್ನು ಓದಿ ನೋಡಿಯೇ ತನ್ನಿ. ವಾರಕ್ಕೊಮ್ಮೆ ಬೆಕ್ಕನ್ನು ತೂಗಿ, ತೂಕ, ತಿಂದ ಪ್ರಮಾಣ, ವಾಂತಿ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು ಆಸ್ಪತ್ರೆಗೆ ಹೋಗುವಾಗ ಜೊತೆಗೆ ಒಯ್ಯಿರಿ. ಬೆಕ್ಕು ಚುರುಕಾಯಿತು, ಕಣ್ಣು ತಿಳಿಯಾಯಿತು ಎಂದು ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಬೇಡಿ. ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಲೆಕ್ಕದಲ್ಲಿ ಮೆಲ್ಲಮೆಲ್ಲಗೆ ಇಳಿಸಿ.