ಬಾವಿಗೆ ಬಿದ್ದ ಬಾಟಲಿಗಳು

ಕುಡುಕನ ಸೋಗು ನಮ್ಮ ಜನರಿಗೆ ಹೊಸದಲ್ಲ. ವಿಜಯಪುರದ ಸುತ್ತಣ ತಿಕೋಟಾ, ಬಬಲೇಶ್ವರಗಳಂಥ ಊರುಗಳಲ್ಲಿ ಜಾತ್ರೆಯ ಆಟಕ್ಕೆ ಕುಳಿತ ಜನವು, ತೂರಾಡುತ್ತ ರಂಗಕ್ಕೆ ಬಂದವನನ್ನು ಕಂಡೊಡನೆ, ಅವನು ಬಾಯ್ದೆರೆಯುವ ಮೊದಲೇ ನಗತೊಡಗುವುದು. ಮಾತಿಲ್ಲದೆ ನಗಿಸಬಲ್ಲ ಇಂಥ ಸೋಗನ್ನು ಮೂಕಚಿತ್ರದವರು ಬಿಟ್ಟಾರೆಯೇ?

ಚಾರ್ಲಿ ಚಾಪ್ಲಿನ್ನನು ೧೯೧೭ರಲ್ಲಿ ‘ದಿ ಕ್ಯೂರ್’, ಎಂದರೆ ‘ಚಿಕಿತ್ಸೆ’, ಎಂಬ ಎರಡು ರೀಲುಗಳ ಮೂಕಚಿತ್ರವನ್ನು ತೆಗೆದನು. ಕುಡಿತ ಬಿಡಲೆಂದು ಒಬ್ಬ ಶ್ರೀಮಂತನು ರೋಗಹರವಾದ ನೀರಿನ ಬಾವಿಯುಳ್ಳ ಆರೋಗ್ಯಧಾಮಕ್ಕೆ ಬರುತ್ತಾನೆ. ಬರುವಾಗ ಪೆಟ್ಟಿಗೆಯ ತುಂಬ ತಂದುದು ಮದ್ಯದ ಬಾಟಲಿಗಳನ್ನೇ! ಸಂಗತಿ ತಿಳಿದ ಯಜಮಾನನು ಅವನ್ನು ಎಸೆಯಹೇಳುತ್ತಾನೆ. ಎಸೆಯುವ ಆಳೂ ಕುಡಿದವನೇ. ಕಿಟಕಿಯಿಂದ ಬಿಸುಟ ಬಾಟಲಿಗಳು ನೆಟ್ಟಗೆ ಆ ಬಾವಿಗೇ ಬೀಳುತ್ತವೆ. ಮುಂದೆ ಕೇಳಬೇಕೆ? ನೀರು ಕುಡಿಯಬಂದ ಮರ್ಯಾದಸ್ಥರೆಲ್ಲ ಮತ್ತೇರಿ ಕುಣಿಯತೊಡಗುತ್ತಾರೆ. ಇವನನ್ನು ತಿದ್ದಬೇಕೆಂದು ಕಕ್ಕುಲತೆಯಿಂದ ಬಾವಿಯ ಬಳಿಗೆ ಕಳಿಸಿದ ತರುಣಿಯೇ, ತನಗೆ ತಿಳಿಯದೆ, ಇವನಿಗೆ ಮತ್ತೆ ಕುಡಿಸಿದಂತಾಗುತ್ತದೆ.

ಇಡಿಯ ಚಿತ್ರದಲ್ಲಿ ನಮಗೆ ಹೆಚ್ಚು ಹಿಡಿಸಿದುದು ಈ ಕೊನೆಯ ತಿರುವೇ. ಚಾಪ್ಲಿನ್ನನ ತಂದೆ ಗಾಯಕನೂ ನಟನೂ ಆಗಿದ್ದು, ಕುಡಿತದಿಂದಲೇ ೧೯೦೧ರಲ್ಲಿ ಮೂವತ್ತೆಂಟರ ಪ್ರಾಯದಲ್ಲಿ ತೀರಿಹೋದನು. ಮಗನಿಗಾಗ ಹನ್ನೆರಡು ವರ್ಷ. ಮದ್ಯವು ಮನೆಯನ್ನು ಏನು ಮಾಡುವುದೆಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಚಿತ್ರಗಳಿಗೆ ಮಾತು ಬಂದ ಬಳಿಕ ನಮ್ಮ ನೆರೆಯಲ್ಲಿಯೇ ಇಂಥದೊಂದು ನಗೆಚಿತ್ರ ಹುಟ್ಟಿತು. ಆಗ ವಿಜಾಪುರವೆನಿಸಿದ್ದ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ೧೯೩೯ರ ಆಗಸ್ಟ್ ೧ರಂದು ಮುಂಬಯಿ ನಗರದಲ್ಲಿ ಪಾನನಿರೋಧವು ಜಾರಿಗೆ ಬಂದಿತು. ಅದೇ ವರ್ಷ ಕೊಲ್ಹಾಪುರದ ಹಂಸ ಪಿಕ್ಚರ್ಸ್‌ನವರು ‘ಬ್ರಾಂಡೀಚಿ ಬಾಟಲೀ’ ಎಂಬ ಮರಾಠಿ ಚಿತ್ರವನ್ನು ಹೊರತಂದರು. ಕಥೆ ಆಚಾರ್ಯ ಅತ್ರೆಯವರದು, ನಿರ್ದೇಶನ ಮಾಸ್ಟರ್ ವಿನಾಯಕರದು. ದಾಮುಅಣ್ಣಾ ಮಾಲವಣಕರರು ಮುನಸಿಪಾಲಿಟಿಯ ಪಾಪದ ಗುಮಾಸ್ತ ಬಗಾರಾಮನಾಗಿ ಕಾಣಿಸಿಕೊಂಡರು. ತಾನು ಮೆಚ್ಚಿದ ಮಾಲತಿಯ ಸೋದರನಿಗೆ ಔಷಧಕ್ಕೆಂದು ಬ್ರಾಂಡಿ ತರಬೇಕು. ಬ್ರಾಂಡಿಯ ಗಂಧವೇ ಅರಿಯದ ಈತನು ಬಾಟಲಿಯೊಂದಕ್ಕಾಗಿ ಅಲೆಯುವುದೇ ಹಾಸ್ಯ. ಇಲ್ಲಿ ನಗೆಗೀಡಾದವನು ಕುಡುಕನಲ್ಲ, ಕುಡಿಯದವನು!

ಎರಡು ಚಿತ್ರಗಳಲ್ಲಿಯೂ ಮದ್ಯವು ಬರುವುದು ಒಳ್ಳೆಯವರ ಕೈಯಿಂದ, ಚಿಕಿತ್ಸೆಯ ಹೆಸರಿನಲ್ಲಿ. ಕಾಯಿದೆಯೂ ಈ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ: ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆಯಲ್ಲಿ ಆರೋಗ್ಯದ ಕಾರಣಕ್ಕೆ ಪರವಾನಗಿ ಪಡೆವ ದಾರಿಯಿದ್ದಿತು. ೧೯೫೬ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು ನಿಂತಿತು, ಬ್ರಾಂಡಿಯದು ನಿಲ್ಲಲಿಲ್ಲ.

ಸಿಂದಿಯ ಅಂಗಡಿಯ ಕಡೆಗೆ ತಲೆಯೆತ್ತಿಯೂ ನೋಡದ ಮನೆತನಗಳಲ್ಲಿ ಸಹ, ಬಾಣಂತಿಗೆ ಥಂಡಿ ತಾಗಬಾರದು, ಕೂಸಿಗೆ ನೆಗಡಿಯಾಗಿದೆ ಎಂದು ಹಿರಿಯ ಮುತ್ತೈದೆಯರೇ ಒಂದು ಚಮಚ ಬ್ರಾಂಡಿ ಹನಿಸುವುದುಂಟು. ಅವರ ಅಂತಃಕರಣವನ್ನು ಯಾರು ಜರೆದಾರು? ಆದರೆ ಆ ಬಿಸಿ ತೋರಿಕೆಯದು. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುವುದು. ವಾಸ್ತವವಾಗಿ ಒಳಗಿನ ಕಾವೇ ಹೊರಗೆ ಹರಿದುಹೋಗುವುದು. ಎಳೆಗೂಸಿಗಂತೂ ಕೆಲವೇ ಹನಿಗಳೂ ಕೇಡು. ಬಾಣಂತಿ ಕುಡಿದುದು ಎದೆಹಾಲಿನಲ್ಲಿಯೂ ಸೇರುವುದು. ಚಳಿಗೆ ನಡುಗುವ ಕೂಸಿಗೆ ಬೇಕಾದುದು ತಾಯಿಯ ಮೈಶಾಖ, ಒಣಗಿದ ಅರಿವೆ, ಎದೆಹಾಲು. ಅಷ್ಟಕ್ಕೂ ತಗ್ಗದಿದ್ದರೆ ತಡಮಾಡದೆ ವೈದ್ಯರ ಮನೆ.