ನೀರು ಕುಡಿದು ಉಬ್ಬುವ ಕಣಗಳು

ನಂಬಿಕೆ: ಗಾಳಿಯಲ್ಲಿ ತೇವವಿದ್ದರೆ ಧೂಳು, ಹೊಗೆ ಅಡಗುತ್ತವೆ.

ಸತ್ಯ: ಅಡಗಿಸುವುದು ಮಳೆ. ಬರಿಯ ತೇವ ಕಣಗಳಿಗೆ ನೀರು ಕುಡಿಸಿ ಉಬ್ಬಿಸುತ್ತದೆ. ಮಂಗಳೂರಿನಲ್ಲಿ ಆಷಾಢ ಬಂತೆಂದರೆ ಭರಣಿಯ ಉಪ್ಪು ನೀರು ಬಿಟ್ಟುಕೊಳ್ಳುತ್ತದಲ್ಲ, ಅದೇ ಕೆಲಸ ಗಾಳಿಯಲ್ಲೂ ನಡೆಯುತ್ತದೆ. ಸಾಪೇಕ್ಷ ಆರ್ದ್ರತೆ ಸುಮಾರು ಶೇ 75 ಮುಟ್ಟಿದರೆ ಅಡುಗೆ ಉಪ್ಪಿನ ಕಣ ಕರಗಿ ಹನಿಯಾಗುತ್ತದೆ. ಕಲ್ಲಿದ್ದಲ ಹೊಗೆಯ ಗಂಧಕವೂ ಹೊಲ, ಹಟ್ಟಿಗಳ ಅಮೋನಿಯಾವೂ ಕೂಡಿ ಆಗುವ ಅಮೋನಿಯಂ ಸಲ್ಫೇಟ್ ಶೇ 80ರ ತನಕ ತಡೆದುಕೊಳ್ಳುತ್ತದೆ. ಶೇ 90ರಲ್ಲಿ ಅದರ ವ್ಯಾಸ ಒಣಗಿದ್ದಾಗಿನ ಸುಮಾರು 1.7 ಪಟ್ಟು, ಘನಗಾತ್ರ ಹತ್ತಿರಹತ್ತಿರ 5 ಪಟ್ಟು, ಅದರಲ್ಲಿ ನಾಲ್ಕು ಪಾಲು ನೀರೇ. ಗಾಳಿ ಒಣಗತೊಡಗಿದರೂ ಅದು ಬೇಗ ಹರಳಾಗದು, ಶೇ 35ರ ಆಸುಪಾಸಿಗೆ ಇಳಿಯುವವರೆಗೂ ಹನಿಯಾಗಿಯೇ ಇರುತ್ತದೆ. ಎಲ್ಲ ಕಣಗಳಿಗೂ ಈ ದಾಹವಿಲ್ಲ. ಆಗಷ್ಟೇ ಹೊರಬಿದ್ದ ಡೀಸೆಲ್ ಮಸಿಗೆ ನೀರು ಅಂಟುವುದೇ ಕಷ್ಟ.

ನಂಬಿಕೆ: ದೆಹಲಿಯ ಚಳಿಗಾಲದ ಮಂಜು ಬೇರೆ, ಮಾಲಿನ್ಯ ಬೇರೆ.

ಸತ್ಯ: ಕಣವಿಲ್ಲದೆ ಮಂಜಿನ ಹನಿ ಕಟ್ಟುವುದೇ ಇಲ್ಲ. ದೆಹಲಿಯ ಕಣಗಳಂತೂ ಬಲು ಬಾಯಾರಿದವು, ಕಾರಣ ಕ್ಲೋರೈಡ್. ಪ್ಲಾಸ್ಟಿಕ್ ಕಸ ಸುಟ್ಟಾಗ ಮತ್ತು ಕೆಲವು ಕಾರ್ಖಾನೆಗಳಿಂದ ಏಳುವ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಅಮೋನಿಯಾದ ಜೊತೆ ಕಣಗಳೊಳಗೆ ಸೇರಿಕೊಳ್ಳುತ್ತದೆ. ಕ್ಲೋರೈಡ್ ಹೆಚ್ಚಿದಷ್ಟೂ ಕಣ ನೀರು ಹೀರುತ್ತದೆ, ನೀರು ಹೆಚ್ಚಿದಷ್ಟೂ ಆವಿ ಕರಗುತ್ತದೆ. ಅಲ್ಲಿನ ಕಣಗಳು ಹೀರುವ ನೀರಿನಲ್ಲಿ, ದಾರಿ ಕಾಣದಾಗುವುದರಲ್ಲಿ ಅರ್ಧದಷ್ಟು ಪಾಲು ಇದರದೇ ಎಂದು ಐಐಟಿ ಮದ್ರಾಸ್ ವಿಜ್ಞಾನಿಗಳಿದ್ದ ತಂಡ 2021ರಲ್ಲಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಲೆಕ್ಕ ಕೊಟ್ಟಿತು. ವಿಮಾನ ತಡವಾದಾಗ ನಾವು ಬೈಯುವುದು ಮಾತ್ರ ಚಳಿಯನ್ನು.

ಬಿಸಿಲೇರಿದಾಗ ಆವಿಯಾಗುವುದು ಬಹುಪಾಲು ನೀರು. ಹನಿಯೊಳಗೆ ಕರಗಿದ ಗಂಧಕದ ಡೈಆಕ್ಸೈಡ್ ಅಷ್ಟರಲ್ಲಿ ಸಲ್ಫೇಟ್ ಆಗಿರುತ್ತದೆ, ಅದು ಕಣದಲ್ಲೇ ಉಳಿಯುತ್ತದೆ. ಹಾಗಾಗಿ ಮಧ್ಯಾಹ್ನದ ಕಣ ಮುಂಜಾನೆಯ ಕಣಕ್ಕಿಂತ ತೂಕದಲ್ಲೂ ಬೇರೆ, ಸರಕಿನಲ್ಲೂ ಬೇರೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಉಸಿರುಗಟ್ಟಿಸಿದ ಹೊಗೆಮಂಜಿನಲ್ಲೂ ಸಲ್ಫೇಟ್ ಹುಟ್ಟಿದ್ದು ಹನಿಗಳೊಳಗೇ.

ನಂಬಿಕೆ: ಮನೆಯ ಪಿಎಂ 2.5 ಮೀಟರು ಏರಿದರೆ ಹೊಗೆ ಹೆಚ್ಚಿದಂತೆಯೇ.

ಸತ್ಯ: ಇರಬಹುದು, ಇಲ್ಲದೆಯೂ ಇರಬಹುದು. ಅಗ್ಗದ ಮೀಟರುಗಳು ಕಣಗಳು ಚದುರಿಸುವ ಬೆಳಕನ್ನು ಅಳೆಯುತ್ತವೆ. ಕಣ ಕುಡಿದ ನೀರನ್ನೂ ಮಾಲಿನ್ಯವೆಂದೇ ಎಣಿಸುತ್ತವೆ. ಸರ್ಕಾರಿ ಮಾಪನ ಕೇಂದ್ರಗಳ ಯಂತ್ರಗಳಲ್ಲಿ ಸಾಮಾನ್ಯವಾಗಿ ಗಾಳಿಯನ್ನು ಬಿಸಿಮಾಡಿ ಒಣಗಿಸಿಯೇ ಒಳಗೆ ಬಿಡುವ ಏರ್ಪಾಡು ಇರುತ್ತದೆ. ತೇವದ ಮುಂಜಾನೆ ಎರಡರ ಅಂಕಿ ತಾಳೆಯಾಗದಿದ್ದರೆ ಮೀಟರು ಕೆಟ್ಟಿದೆ ಎಂದುಕೊಳ್ಳುವ ಮೊದಲು ಅದರಲ್ಲೇ ಇರುವ ಆರ್ದ್ರತೆಯ ಅಂಕಿಯನ್ನೂ ನೋಡಿ.